ಬೆಲೆ ಬರೆಯದ ಅಂಗಡಿ

ನಮ್ಮ ಅಂಗಡಿಯಲ್ಲಿ ಯಾವ ಸಾಮಾನಿನ ಮೇಲೂ ಬೆಲೆ ಬರೆದಿರಲಿಲ್ಲ. ಇದನ್ನು ನಾನು ನಾಚಿಕೊಂಡು ಹೇಳುತ್ತಿರಲಿಲ್ಲ, ಎದೆ ಉಬ್ಬಿಸಿ ಹೇಳುತ್ತಿದ್ದೆ. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನಮ್ಮದು ಹೋಟೆಲ್ ಸಾಮಾನಿನ ಅಂಗಡಿ. ಹಿಟ್ಟು ರುಬ್ಬುವ ಗ್ರೈಂಡರ್, ಇಡ್ಲಿ ಸ್ಟೀಮರ್, ದೋಸೆ ಕಾವಲಿ, ದೊಡ್ಡ ಬರ್ನರಿನ ಒಲೆ, ಈರುಳ್ಳಿ ಹೆಚ್ಚುವ ಮೆಷಿನ್ನು, ಎಲ್ಲಾ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಸಾಲಾಗಿ ನಿಂತಿರುತ್ತವೆ. ಸ್ಟೀಲು ಫಳಫಳ ಹೊಳೆಯುತ್ತದೆ. ರೇಟ್ ಮಾತ್ರ ನನ್ನ ಹೊಟ್ಟೆಯೊಳಗೆ. ಗಿರಾಕಿ ಬಂದು ಕೂತು, ನಾನು ಅವರನ್ನು ಅಳೆದು ಸುರಿದು ನೋಡಿದ ಮೇಲೆಯೇ ಅದು ಹೊರಗೆ ಬರುತ್ತಿತ್ತು.

ಈ ವಿದ್ಯೆ ಕಲಿಸಿದ್ದು ನಮ್ಮಪ್ಪ. ಗಿರಾಕಿ ಒಳಗೆ ಕಾಲಿಡುತ್ತಿದ್ದ ಹಾಗೆ ಮೊದಲು ಚಪ್ಪಲಿ ನೋಡು, ಆಮೇಲೆ ಬಾಗಿಲಾಚೆ ನಿಲ್ಲಿಸಿದ ಗಾಡಿ ನೋಡು, ಮುಖ ಕೊನೆಗೆ ನೋಡಿದರೆ ಸಾಕು ಅನ್ನುತ್ತಿದ್ದರು. ಯಾವೂರು, ಹೋಟೆಲ್ ಎಲ್ಲಿ, ಸ್ವಂತ ಜಾಗವೋ ಬಾಡಿಗೆಯೋ ಅಂತ ಮಾತಿಗೆಳೆಯಬೇಕು. ಅಷ್ಟರಲ್ಲಿ ಪಕ್ಕದ ಹೋಟೆಲಿನಿಂದ ಕಾಫಿ ಬರಬೇಕು. ನಮ್ಮಲ್ಲಿ ಕಾಫಿ ಉಪಚಾರಕ್ಕೆ ಅಂತ ತಿಳಿದುಕೊಳ್ಳಬೇಡಿ. ಕಾಫಿ ಕುಡಿದವರಿಗೆ ರೇಟ್ ಕೇಳಿ ಹಾಗೇ ಎದ್ದು ಹೋಗೋಕೆ ಸಂಕೋಚ ಆಗುತ್ತದೆ, ಅದಕ್ಕೆ. ಫೋನಿನಲ್ಲಿ ಬೆಲೆ ಕೇಳಿದವರಿಗೆಲ್ಲಾ ನನ್ನದು ಒಂದೇ ಉತ್ತರ: "ಬನ್ನಿ ಸಾರ್, ಕೂತು ಮಾತಾಡೋಣ."

ಈ ವಿದ್ಯೆಯಲ್ಲಿ ನಾನು ಬೃಹಸ್ಪತಿ ಅಂತ ಬಹಳ ವರ್ಷ ನಂಬಿದ್ದೆ. ಒಂದು ಸಲ ರಬ್ಬರ್ ಚಪ್ಪಲಿ ಹಾಕಿಕೊಂಡವನೊಬ್ಬ ಬಂದ. ಚಾಮುಂಡಿ ಬೆಟ್ಟದ ಮೇಲೆ ಬಜ್ಜಿ ಅಂಗಡಿಯಂತೆ. ಪಾಪ ಅನ್ನಿಸಿತು. ಒಂದು ಒಲೆಗೆ ನನಗೆ ಬಿದ್ದ ಅಸಲಿಗಿಂತ ಕೂದಲೆಳೆಯಷ್ಟು ಹೆಚ್ಚು ಹೇಳಿ, ನನ್ನ ದೊಡ್ಡ ಮನಸ್ಸಿಗೆ ನಾನೇ ಖುಷಿಪಟ್ಟೆ. ಅವನು ಕಾಫಿ ಕುಡಿದು ಬಾಯಿ ಒರೆಸಿಕೊಂಡು, "ಇದೇ ರೇಟಿಗೆ ನನ್ನ ಮಿಕ್ಕ ಅಂಗಡಿಗಳಿಗೂ ಒಂದೊಂದು ಕೊಟ್ಬುಡಿ ಯಜಮಾನ್ರೇ" ಅಂದ. ಇನ್ನೊಂದು ಸಲ ಬೆರಳ ತುಂಬಾ ಉಂಗುರ, ಬಿಳೀ ಶೂ ಹಾಕಿದವರು ಬಂದರು. ಬಾಯಿಗೆ ಬಂದಷ್ಟು ರೇಟ್ ಹೇಳಿದೆ. ಅವರು ಹೊರಗೆ ಹೋಗಿ, ಮರದ ನೆರಳಿನಲ್ಲಿ ಹವಾಯ್ ಚಪ್ಪಲಿಯಲ್ಲಿ ನಿಂತಿದ್ದ ಮುದುಕರೊಬ್ಬರ ಮುಂದೆ ಕೈಕಟ್ಟಿ ನಿಂತು ವರದಿ ಒಪ್ಪಿಸಿದರು. ಸಾಹುಕಾರರು ಆ ಮುದುಕರು, ಉಂಗುರದವರು ಅವರ ಕಾರಿನ ಡ್ರೈವರು. ಇಬ್ಬರೂ ತಿರುಗಿ ನೋಡದೆ ಹೋದರು. ಇಷ್ಟಾದರೂ ನನಗೆ ನನ್ನ ವಿದ್ಯೆಯ ಮೇಲೆ ಅನುಮಾನ ಬರಲಿಲ್ಲ. ಜನ ಸರಿಯಾದ ಚಪ್ಪಲಿ ಹಾಕೋದಿಲ್ಲ ಅಂತ ಜನರನ್ನೇ ಬೈದುಕೊಂಡೆ.

(ಆ ಒಲೆಗೆ ಎಷ್ಟು, ಗ್ರೈಂಡರಿಗೆ ಎಷ್ಟು ಅಂತ ನೀವು ಕೇಳಬಹುದು. ಇಲ್ಲಿ ಬರೆಯಲ್ಲ. ಹುಟ್ಟುಗುಣ, ಏನು ಮಾಡೋಕಾಗುತ್ತೆ.)

ನನಗಿರುವುದು ಒಬ್ಬಳೇ ಮಗಳು. ಬಿಕಾಂ ಮುಗಿಸಿ, "ಕೆಲಸ ಸಿಗೋವರೆಗೂ ಅಂಗಡಿಗೆ ಬರ್ತೀನಿ" ಅಂತ ಬಂದವಳು ನಾಲ್ಕು ವರ್ಷವಾದರೂ ಬರುತ್ತಲೇ ಇದ್ದಳು. ಕಂಪನಿಯವರ ಜೊತೆ ಮಾತು, ರಿಪೇರಿಯವರನ್ನು ಕಳಿಸೋದು, ತೆರಿಗೆ ಲೆಕ್ಕ, ಎಲ್ಲಾ ಅವಳದೇ. ನನ್ನ ಕೆಲಸ ಚಪ್ಪಲಿ ನೋಡುವುದು. ಒಂದು ದಿನ ಅವಳು ಒಂದು ಸುರುಳಿ ಬಿಳೀ ಸ್ಟಿಕ್ಕರ್ ತಂದು ಮೇಜಿನ ಮೇಲಿಟ್ಟಳು.

"ಅಪ್ಪ, ಎಲ್ಲದರ ಮೇಲೂ ಬೆಲೆ ಅಂಟಿಸಿಬಿಡೋಣ. ಫೋನಿನಲ್ಲಿ ಕೇಳಿದವರಿಗೂ ಹೇಳಿಬಿಡೋಣ."

"ನಿಂಗೆ ತಲೆಗಿಲೆ ಕೆಟ್ಟಿದ್ಯಾ? ಪಕ್ಕದಂಗಡಿಯವನು ಬಂದು ನೋಡಿಕೊಂಡು ಹೋಗಿ, ನೂರು ರೂಪಾಯಿ ಇಳಿಸಿ ಕೂರ್ತಾನೆ."

"ಇಳಿಸಲಿ. ನಾವು ರಿಪೇರಿಗೆ ಅದೇ ದಿನ ಜನ ಕಳಿಸ್ತೀವಿ, ಅವರು ಕಳಿಸಲ್ಲ."

"ಗಿರಾಕಿ ಫೋಟೋ ತೆಗೆದು ಬೆಂಗಳೂರಿನ ಅಂಗಡಿಯವರಿಗೆ ಕಳಿಸ್ತಾನೆ."

"ಈಗಲೂ ಕಳಿಸ್ತಾರೆ. ನೀವು ಹೇಳಿದ್ದನ್ನ ಚೀಟಿಯಲ್ಲಿ ಬರಕೊಂಡು ಅದರ ಫೋಟೋ ಕಳಿಸ್ತಾರೆ."

ನಾನು ಕೊನೆಯ ಅಸ್ತ್ರ ತೆಗೆದೆ. ನಮ್ಮ ಜನಕ್ಕೆ ಚೌಕಾಸಿ ಮಾಡದಿದ್ದರೆ ಕೊಂಡ ಹಾಗೇ ಆಗೋದಿಲ್ಲ, 'ನಿಮಗೋಸ್ಕರ ಅಂತ ಇಳಿಸಿದ್ದೀನಿ' ಅಂದರೆ ಅವರ ಮುಖ ಅರಳುತ್ತೆ, ಆ ಸಂತೋಷ ಯಾಕೆ ಕಿತ್ತುಕೋಬೇಕು ಅಂದೆ. ಇದು ಸುಳ್ಳಲ್ಲ, ಈಗಲೂ ನಾನು ಈ ಮಾತಿಗೆ ಬದ್ಧ. ಅವಳೂ ಒಪ್ಪಿದಳು. ಆದರೆ ಬಾಗಿಲ ಕಡೆ ಕೈ ತೋರಿಸಿ, "ಒಳಗೆ ಬಂದವರ ಸಂತೋಷ ನೋಡ್ತೀರಿ. ಮನೇಲಿ ಹಿಟ್ಟು ರುಬ್ಬಿ ಮಾರೋ ಹೆಂಗಸರು ಎಷ್ಟು ಜನ ಬಾಗಿಲವರೆಗೂ ಬಂದು, ಬೆಲೆ ಕಾಣದೆ, ನಿಮ್ಮನ್ನ ಕೇಳೋಕೆ ಹೆದರಿ ವಾಪಸ್ ಹೋಗ್ತಾರೆ, ಅದನ್ನ ನೋಡಿದೀರಾ?" ಅಂದಳು.

ನೋಡಿರಲಿಲ್ಲ. ಒಳಗೆ ಕಾಲಿಡದವರ ಚಪ್ಪಲಿ ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ.

"ನೋಡೋಣ" ಅಂದೆ. ಸ್ಟಿಕ್ಕರ್ ಸುರುಳಿ ಡ್ರಾಯರಿನೊಳಗೆ ಹೋಯಿತು.

'ನೋಡೋಣ' ಅನ್ನುವುದು ನನ್ನ ಬಾಯಲ್ಲಿ ಬಹಳ ಸಲ ಬರುವ ಮಾತು. ಅವಳು ಆ ವರ್ಷ ಇನ್ನೊಂದು ವಿಷಯವನ್ನೂ ಕೇಳಿದ್ದಳು. "ಅಪ್ಪ, ನಿಮ್ಮ ನಂತರ ಈ ಅಂಗಡಿ ನನಗೇನಾ? ಹೌದು ಅಂದರೆ ನಾನು ಬೇರೆ ಕಡೆ ಕೆಲಸ ಹುಡುಕೋದು ನಿಲ್ಲಿಸ್ತೀನಿ." ಅದಕ್ಕೂ ನಾನು ನೋಡೋಣ ಅಂದಿದ್ದೆ. ಅತ್ತ ನಮ್ಮಕ್ಕನ ಮನೆಗೆ ಹಬ್ಬದ ಊಟಕ್ಕೆ ಹೋದಾಗಲೆಲ್ಲಾ, ಅಕ್ಕನ ಮಗನ ಬೆನ್ನು ತಟ್ಟಿ, "ಮುಂದೆ ಎಲ್ಲಾ ನೀನೇ ನೋಡ್ಕೋಬೇಕು ಕಣಪ್ಪಾ" ಅಂದು ಬಂದಿದ್ದೆ. ಹಾಗೆ ಅಂದರೆ ಅಕ್ಕ ಇನ್ನೊಂದು ಹೋಳಿಗೆ ಹಾಕುತ್ತಿದ್ದಳು. ಮಗಳ ಮೇಲೆ ನನಗೆ ನಂಬಿಕೆ ಇರಲಿಲ್ಲವೇ? ಇತ್ತು, ನನ್ನ ಮೇಲಿದ್ದದ್ದಕ್ಕಿಂತ ಹೆಚ್ಚೇ ಇತ್ತು. ಆದರೆ ಒಂದು ಸಲ ಬಾಯಿಬಿಟ್ಟು ಹೇಳಿಬಿಟ್ಟರೆ ಮುಗಿಯಿತಲ್ಲ, ಆಮೇಲೆ ನನ್ನನ್ನು ಯಾರು ಕೇಳುತ್ತಾರೆ ಅನ್ನುವ ಭಯ.

ಹೀಗಿರುವಾಗ ಎರಡು ಸಂಗತಿ ಒಟ್ಟಿಗೆ ಬಂದವು. ಒಬ್ಬ ಆಡಿಟರ್ ಆಫೀಸಿನಲ್ಲಿ ಮಗಳಿಗೆ ಕೆಲಸ ಸಿಕ್ಕಿತು. ಸೋಮವಾರದೊಳಗೆ ಉತ್ತರ ಹೇಳಿ ಅಂದರು. ಅದೇ ಹೊತ್ತಿಗೆ ಲಕ್ಷ್ಮೀಪುರಂನಿಂದ ಒಂದು ಸಂಬಂಧವೂ ಬಂತು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು. ಇಬ್ಬರೂ ಒಂದೆರಡು ಸಲ ಹೊರಗೆ ಕಾಫಿ ಕುಡಿದು, ಪರವಾಗಿಲ್ಲ ಅಂದುಕೊಂಡಿದ್ದರು. ಹುಡುಗನ ತಂದೆ ತಾಯಿ ಭಾನುವಾರ ಮನೆಗೆ ಬರುವುದೆಂದು ಮಾತಾಯಿತು. ಮಗಳು ಅದಕ್ಕೆ ಮುಂಚೆಯೇ ಮತ್ತೆ ಕೇಳಿದಳು, "ಅಪ್ಪ, ಅಂಗಡಿ ನನ್ನದು ಅಂದರೆ ಆ ಆಫೀಸಿಗೆ ಹೋಗಲ್ಲ. ಹುಡುಗನ ಮನೆಯವರಿಗೂ ಹಾಗೇ ಹೇಳ್ತೀನಿ. ಏನು ಹೇಳ್ತೀರಿ?"

ನಾನು ಏನು ಹೇಳಿದೆ ಅಂತ ನೀವೇ ಹೇಳಬಲ್ಲಿರಿ.

ಆ ವಾರವೇ ಒಂದು ಮಧ್ಯಾಹ್ನ, ಮಗಳು ಊಟಕ್ಕೆ ಹೋದ ಹೊತ್ತಿನಲ್ಲಿ, ಒಬ್ಬ ಹೆಂಗಸು ಅಂಗಡಿಗೆ ಬಂದರು. ಮಾಸಿದ ನೂಲಿನ ಸೀರೆ, ಕೈಯಲ್ಲಿ ಬಟ್ಟೆ ಬ್ಯಾಗು, ಹಿಮ್ಮಡಿ ಸವೆದ ಚಪ್ಪಲಿ. ಬಸ್ಸಿನಲ್ಲಿ ಬಂದವರು ಅಂತ ತೀರ್ಮಾನ ಮಾಡಿಬಿಟ್ಟೆ. ಮನೆಯಲ್ಲಿ ದೋಸೆ ಹಿಟ್ಟು ರುಬ್ಬಿ ಸುತ್ತಮುತ್ತಲ ಮನೆಗಳಿಗೆ ಕೊಡುತ್ತಾರಂತೆ, ಹಳೇ ಗ್ರೈಂಡರು ಸಾಕಾಗುತ್ತಿಲ್ಲವಂತೆ. ಬಗ್ಗಿಸಿದರೆ ಹಿಟ್ಟು ಸುರಿಯುವ ಮಧ್ಯಮ ಗಾತ್ರದ ಗ್ರೈಂಡರ್ ತೋರಿಸಿದೆ. "ಅಮ್ಮ, ಬೇರೆಯವರಿಗಾದರೆ ಬೇರೆ ರೇಟು. ನಿಮ್ಮ ಕಷ್ಟ ನನಗೆ ಗೊತ್ತಾಗಲ್ವಾ" ಅಂತ ಬಹಳ ಕಡಿಮೆ ಹೇಳಿದೆ. ಅವರು ಕಾಫಿ ಕುಡಿಯುತ್ತಾ, "ನಿಮ್ಮ ನಂತರ ಅಂಗಡಿ ಯಾರು ನೋಡ್ಕೋತಾರೆ? ರಿಪೇರಿಗೆ ಬರಬೇಕಲ್ಲಾ, ಅದಕ್ಕೆ ಕೇಳ್ದೆ" ಅಂದರು. ದುಡಿದು ತಿನ್ನುವ ಹೆಂಗಸು, ಹೆಣ್ಣುಮಕ್ಕಳ ಮಾತು ಇವರಿಗೆ ಹಿಡಿಸುತ್ತೆ ಅಂತ ಲೆಕ್ಕ ಹಾಕಿದೆ. "ನನ್ನ ಮಗಳೇ ಕಣಮ್ಮಾ! ಗಂಡುಮಗ ಇಲ್ಲ ಅನ್ನೋ ಕೊರಗೇ ಇಲ್ಲ ನನಗೆ. ಅಂಗಡಿ ಪೂರ್ತಿ ಅವಳದೇ" ಅಂದೆ. ಹೇಳುವಾಗ ನನ್ನ ಕಣ್ಣಲ್ಲೇ ನೀರು ಬಂತು, ಅಷ್ಟು ಚೆನ್ನಾಗಿ ಹೇಳಿದೆ. ಮನೆಯಲ್ಲಿ ಕೇಳಿ ಬರುತ್ತೇನೆ ಅಂತ ಅವರು ಹೋದರು.

ಮಾರನೆಯ ದಿನ, ಅದೇ ಊಟದ ಹೊತ್ತು, ಒಬ್ಬ ಗಂಡಸರು ಬಂದರು. ಬಾಗಿಲಿಗೆ ಹೊಸ ಕಾರು, ಇಸ್ತ್ರಿ ಮುರಿಯದ ಅಂಗಿ, ಮುಖ ಕಾಣುವ ಹಾಗೆ ಪಾಲಿಶ್ ಆದ ಶೂ. ಅವರೂ ನೇರವಾಗಿ ಅದೇ ಗ್ರೈಂಡರಿನ ಮುಂದೆ ನಿಂತರು. ಅದಕ್ಕೆ ನಾನು ಹಿಂದಿನ ದಿನದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ರೇಟು ಹೇಳಿದೆ, ಮೇಲೆ ಸ್ಪೆಷಲ್ ಕಾಫಿ ತರಿಸಿದೆ. ಅವರೂ ಮಾತಿನ ನಡುವೆ, "ಮುಂದೆ ಅಂಗಡಿ ಯಾರ ಕೈಗೆ?" ಅಂದರು. ಕಾರಿನವರು, ದೊಡ್ಡ ಮನೆತನ, ಸಂಪ್ರದಾಯಸ್ಥರು ಅಂತ ಲೆಕ್ಕ ಹಾಕಿದೆ. "ಅಕ್ಕನ ಮಗ ಇದಾನೆ ಸಾರ್, ಗಟ್ಟಿ ಹುಡುಗ. ಹೆಣ್ಣುಮಗು ಇವತ್ತಲ್ಲ ನಾಳೆ ಮದುವೆಯಾಗಿ ಹೋಗೋದು ತಾನೇ?" ಅಂದೆ. ಅವರು ತಲೆಯಾಡಿಸಿ, ಕಾಫಿ ಚೆನ್ನಾಗಿದೆ ಅಂತ ಹೇಳಿ ಹೋದರು. ಎರಡು ದಿನವೂ ಎರಡು ಬಗೆಯ ಗಿರಾಕಿಯನ್ನು ಸಲೀಸಾಗಿ ಸಂಭಾಳಿಸಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಸಂಜೆ ಮನೆ ಮುಂದೆ ಆ ಹೊಸ ಕಾರು ನಿಂತಿತು. ಪಾಲಿಶ್ ಶೂ ಮೊದಲು ಇಳಿಯಿತು. ಅಯ್ಯೋ, ಗಿರಾಕಿ ಮನೆಗೇ ಬಂದುಬಿಟ್ಟನಲ್ಲಾ ಅಂದುಕೊಂಡೆ. ಇನ್ನೊಂದು ಬಾಗಿಲಿನಿಂದ ಆ ಹಿಮ್ಮಡಿ ಸವೆದ ಚಪ್ಪಲಿ ಇಳಿಯಿತು. ಹಿಂದಿನಿಂದ ಹುಡುಗ. ನಮ್ಮ ಕಡೆ ಸಂಬಂಧ ಮಾಡುವ ಮುಂಚೆ ಹೆಣ್ಣಿನ ಮನೆಯವರು ಹೇಗೆ ಅಂತ ಗುಟ್ಟಾಗಿ ವಿಚಾರಿಸುವುದು ಉಂಟು. ಇವರು ಗಿರಾಕಿಯ ಹಾಗೆ ಬಂದು ವಿಚಾರಿಸಿದ್ದರು, ಗಂಡನಿಗೆ ಹೇಳದೆ ಹೆಂಡತಿ, ಹೆಂಡತಿಗೆ ಹೇಳದೆ ಗಂಡ. ಇಡೀ ಮೈಸೂರಿನಲ್ಲಿ ನಾನು ಎರಡು ರೇಟ್ ಹೇಳಲು ಸಿಕ್ಕಿದ್ದು ಗಂಡ ಹೆಂಡತಿಯೇ.

ನನ್ನ ಹೆಂಡತಿ ಉಪ್ಪಿಟ್ಟು, ಕೇಸರಿಬಾತ್ ತಂದಿಟ್ಟಳು. ಅವರು ಸಭ್ಯರು, ಮೊದಲು ನಕ್ಕರು. "ನಾವೂ ತಪ್ಪು ಮಾಡಿದ್ವಿ ಬಿಡಿ, ಕದ್ದು ನೋಡೋಕೆ ಬಂದಿದ್ವಿ" ಅಂದರು ಹುಡುಗನ ತಂದೆ. "ಮನೆಗೆ ಹೋಗಿ ನಾನು ಒಂದು ರೇಟ್ ಹೇಳ್ದೆ, ಇವಳು ಇನ್ನೊಂದು ಹೇಳಿದ್ಳು. ಒಂದೇ ಮೆಷಿನ್ನಾ ಅಂತ ಜಗಳಾನೇ ಆಗೋಯ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ, ಇಂಗು ತಿಂದ ಮಂಗನ ಹಾಗೆ. ಇಷ್ಟಕ್ಕೇ ಮುಗಿದರೆ ಚಾಮುಂಡೇಶ್ವರಿಗೆ ಕಾಯಿ ಒಡೆಸುತ್ತೇನೆ ಅಂತ ಒಳಗೊಳಗೇ ಹರಕೆ ಹೊತ್ತೆ.

ಆಗ ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. "ಗ್ರೈಂಡರ್ ವಿಷಯ ಹೋಗಲಿ ಬಿಡಿ. ನನಗೆ ಬೇರೆ ಒಂದು ತಿಳೀಬೇಕಿತ್ತು. ಅಂಗಡಿ ಮಗಳದೇ ಅಂತ ನನಗೆ ಹೇಳಿದ್ರಿ. ಅಕ್ಕನ ಮಗನದು ಅಂತ ಇವರಿಗೆ ಹೇಳಿದ್ರಿ. ಯಾವುದು ನಿಜ? ನಮಗೆ ಅಂಗಡಿ ಬೇಡ ಕಣ್ರೀ, ತಪ್ಪು ತಿಳೀಬೇಡಿ. ಮದುವೆಯಾದ ಮೇಲೆ ನಿಮ್ಮ ಹುಡುಗಿ ಬೆಳಗೆದ್ದು ಎಲ್ಲಿಗೆ ಹೋಗ್ತಾಳೆ ಅಂತ ತಿಳ್ಕೊಂಡಿದ್ರೆ ಒಳ್ಳೇದು ಅಂತ."

ಮಗಳು ಕಾಫಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಬಾಯಿಗೆ ಅಭ್ಯಾಸವಾದ ಮಾತು ತಾನಾಗಿಯೇ ಬಂತು.

"ಅದಕ್ಕೇನಂತೆ, ಕೂತು ಮಾತಾಡೋಣ."

"ಕೂತೇ ಇದೀವಲ್ಲಾ" ಅಂದ ಹುಡುಗ. ಪಾಪ, ಕುಹಕಕ್ಕೆ ಅಂದಿದ್ದಲ್ಲ.

ಮಗಳು ಕಾಫಿ ತಂದು ಒಬ್ಬೊಬ್ಬರಿಗೇ ಕೊಟ್ಟಳು. ಕೊನೆಗೆ ನನ್ನ ಮುಂದೆ ಬಂದು ನಿಂತಳು. "ಅಪ್ಪ, ನಾನು ಮಗಳು ಅಂತ ಕೇಳ್ತಿಲ್ಲ. ಗಿರಾಕಿ ಅಂತಲೇ ತಿಳ್ಕೊಳ್ಳಿ. ಎಲ್ಲರ ಮುಂದೆ ಒಂದೇ ಒಂದು ರೇಟ್ ಹೇಳಿಬಿಡಿ. ಅಂಗಡಿ ನನ್ನದಾ, ಅಲ್ವಾ?"

ಹೌದು ಅನ್ನಲು ಎಷ್ಟು ಹೊತ್ತು ಬೇಕು ಸ್ವಾಮಿ? ಅಕ್ಕ ಏನನ್ನುತ್ತಾಳೆ, ಇವರು ಏನು ತಿಳಿಯುತ್ತಾರೆ, ಹೇಳಿದ ಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲವಲ್ಲ ಅಂತ ತಲೆ ಏನೇನೋ ಲೆಕ್ಕ ಹಾಕಿತು. "ನೋಡೋಣ ಪುಟ್ಟಿ" ಅಂದೆ.

ಅವಳು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅವರು ಕಾಫಿ ಕುಡಿದು, ತಿಳಿಸ್ತೀವಿ ಅಂತ ಹೇಳಿ ಎದ್ದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಹೆಂಡತಿ, "ರೀ, ಆ ಅಂಗಡೀನ ನೀವು ಹೋಗುವಾಗ ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?" ಅಂದಳು.

ಸೋಮವಾರ ಮಗಳು ಅಂಗಡಿಗೆ ಬರಲಿಲ್ಲ. ಆಡಿಟರ್ ಆಫೀಸಿಗೆ ಹೋಗಿ ಬರ್ತೀನಿ ಅಂತ ಅಮ್ಮನಿಗೆ ಹೇಳಿ ಹೋದಳಂತೆ. ನಾನೊಬ್ಬನೇ ಕುರ್ಚಿಯಲ್ಲಿ ಕೂತೆ. ಕಂಪನಿಯವರು ಫೋನು ಮಾಡಿ ಏನೋ ಕೇಳಿದರು, ನನಗೆ ಅರ್ಥವಾಗಲಿಲ್ಲ. ಒಂದು ಕ್ಯಾಂಟೀನಿನವರು ಸ್ಟೀಮರ್ ಕೆಟ್ಟಿದೆ ಅಂದರು, ಯಾರನ್ನು ಕಳಿಸಬೇಕೋ ಗೊತ್ತಾಗಲಿಲ್ಲ. ಇಷ್ಟು ವರ್ಷ ನಾನೇ ನಡೆಸುತ್ತಿದ್ದೇನೆ ಅಂದುಕೊಂಡ ಅಂಗಡಿಯಲ್ಲಿ ನನಗೆ ಗೊತ್ತಿದ್ದದ್ದು ಕಾಫಿ ಹೇಳುವುದು ಮಾತ್ರ. ಅವಳಿಲ್ಲದೆ ಆ ಜಾಗ ಬಿಕೋ ಅನ್ನುತ್ತಿತ್ತು.

ತಡೆಯಲಾರದೆ ಅಕ್ಕನಿಗೆ ಫೋನು ಮಾಡಿದೆ. ಎದೆ ಗಟ್ಟಿ ಮಾಡಿಕೊಂಡು, "ಅಕ್ಕ, ಬೇಜಾರು ಮಾಡ್ಕೋಬೇಡ. ಅಂಗಡಿ ನನ್ನ ಮಗಳಿಗೇ ಬಿಡೋಣ ಅಂತಿದೀನಿ. ನಿನ್ನ ಮಗನಿಗೆ ಆಸೆ ತೋರಿಸಿದ್ದೆ" ಅಂದೆ.

ಆ ಕಡೆಯಿಂದ ಅಕ್ಕ, "ಯಾವ ಆಸೆನೋ?" ಅಂದಳು. "ಅವನಿಗೆ ಗ್ರೈಂಡರ್ ಸದ್ದು ಕೇಳಿದ್ರೆ ತಲೆನೋವು ಬರುತ್ತೆ ಕಣೋ. ನೀನು ಬೆನ್ನು ತಟ್ಟಿದಾಗಲೆಲ್ಲಾ, ಮಾವ ನನ್ನನ್ನ ಎಲ್ಲಿ ಅಂಗಡೀಲಿ ಕೂರಿಸಿಬಿಡ್ತಾನೋ ಅಂತ ಹೆದರ್ತಾನೆ. ಅವಳಿಗಲ್ದೆ ಇನ್ಯಾರಿಗೆ ಕೊಡ್ತೀಯ? ಇಷ್ಟು ದಿನ ಹೇಳೇ ಇಲ್ವಾ ಅವಳಿಗೆ? ಥೂ ನಿನ್ನ!"

ಫೋನಿಟ್ಟೆ. ಇಲ್ಲದ ಗಿರಾಕಿಯ ಜೊತೆ ಇಷ್ಟು ವರ್ಷ ಚೌಕಾಸಿ ಮಾಡಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಡ್ರಾಯರ್ ಎಳೆದು ಸ್ಟಿಕ್ಕರ್ ಸುರುಳಿ ತೆಗೆದೆ. ಬಾಗಿಲಿನಿಂದ ಶುರುಮಾಡಿ ಒಂದೊಂದಕ್ಕೂ ಬೆಲೆ ಬರೆದು ಅಂಟಿಸಿದೆ. ಪಕ್ಕದಂಗಡಿಯವನು ಬಂದು ಬಾಗಿಲಿಗೆ ಒರಗಿ ನಿಂತು, "ಇದೇನಣ್ಣೋ, ಇಂಗೆ ಬೀದೀಲಿ ಬಟ್ಟೆ ಬಿಚ್ಚಿ ನಿಂತ್ಕಂಡ್ಬುಟ್ಟೆ?" ಅಂದ. "ಹೂಂ ಕಣಪ್ಪಾ, ನೋಡಿ ಆನಂದ ಪಡು" ಅಂದೆ. ಅವನು ಒಂದೊಂದೇ ಬೆಲೆ ಓದಿಕೊಂಡು ಹೋದ. ನನಗೆ ಕರುಳು ಕಿತ್ತು ಬಂತು, ಆದರೂ ಅಂಟಿಸುವುದು ನಿಲ್ಲಿಸಲಿಲ್ಲ.

ಸಂಜೆ ಮನೆಗೆ ಹೋದಾಗ ಮಗಳು ಬಂದಿದ್ದಳು. ಬುಧವಾರದಿಂದ ಕೆಲಸಕ್ಕೆ ಬರಹೇಳಿದ್ದಾರೆ ಅಂತ ಹೇಳಿ ಟಿವಿಯ ಕಡೆ ತಿರುಗಿದಳು. ನಾನು ಚಪ್ಪಲಿ ಕೂಡ ಬಿಡದೆ ನಿಂತು, "ಅಂಗಡಿ ನಿನ್ನದು ಕಣೇ" ಅಂದೆ.

ಅವಳು ಟಿವಿ ಆರಿಸಿದಳು. "ಈ ರೇಟ್ ನನಗೊಬ್ಬಳಿಗಾ, ಎಲ್ಲರಿಗೂನಾ?"

"ಎಲ್ಲರಿಗೂ."

ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ನಾನು ಗಿರಾಕಿಗಳನ್ನು ನೋಡುತ್ತಿದ್ದ ಹಾಗೆಯೇ.

"ನೋಡೋಣ" ಅಂದಳು.

ಆ ಮಾತು ಇಷ್ಟು ನೋಯಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮಂಗಳವಾರ ಅವಳು ನನ್ನ ಜೊತೆ ಬಂದಳು. ಬಾಕಿ ಕೆಲಸ ಒಪ್ಪಿಸಿ ಹೋಗೋಕೆ ಅಂದಳು. ನಾನು ನನ್ನ ಕುರ್ಚಿ ಬಿಟ್ಟು, ಗಿರಾಕಿಗಳ ಸ್ಟೂಲಿನ ಮೇಲೆ ಕೂತೆ. ಅವಳು ಕುರ್ಚಿಯ ಕಡೆ ನೋಡಲೂ ಇಲ್ಲ. ಸಾಲಾಗಿ ಸ್ಟಿಕ್ಕರ್ ಓದುತ್ತಾ ಹೋದವಳು ಗ್ರೈಂಡರಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿದಳು.

"ಅಪ್ಪ, ಇದು ಇಳಿಸೋಕೆ ಜಾಗ ಬಿಟ್ಟು ಬರೆದಿರೋ ರೇಟ್ ಅಲ್ವಾ?"

ನಿಜ. ಅಂಟಿಸಿದ್ದೇನೋ ಅಂಟಿಸಿದ್ದೆ, ಚೌಕಾಸಿಗೆ ಅಂತ ಎಲ್ಲದರ ಮೇಲೂ ಒಂದಿಷ್ಟು ಏರಿಸಿಯೇ ಬರೆದಿದ್ದೆ. ಕೈ ಕೇಳಲಿಲ್ಲ. ಅವಳು ಉಗುರಿನಿಂದ ಒಂದೊಂದೇ ಸ್ಟಿಕ್ಕರ್ ಎಬ್ಬಿಸಿ ಕಿತ್ತು, ಸರಿಯಾದ ಬೆಲೆ ಬರೆದು ಅಂಟಿಸತೊಡಗಿದಳು. ನಾನು ಹಿಂದೆ ಹಿಂದೆ ಸುರುಳಿ ಹಿಡಿದುಕೊಂಡು ನಡೆದೆ.

ಅರ್ಧ ಸಾಲು ಮುಗಿದಿರಬಹುದು, ಬಾಗಿಲಲ್ಲಿ ಯಾರೋ ನಿಂತರು. ನಾನು ಅಭ್ಯಾಸದಂತೆ ಕೆಳಗೆ ನೋಡಿದೆ. ಹಿಮ್ಮಡಿ ಸವೆದ ಚಪ್ಪಲಿ. ಹುಡುಗನ ತಾಯಿ, ಅದೇ ಬಟ್ಟೆ ಬ್ಯಾಗು. ಈ ಸಲ ವಿಚಾರಿಸಲು ಬಂದಿರಲಿಲ್ಲ, ಅವರ ಹಳೇ ಗ್ರೈಂಡರು ನಿಜವಾಗಿಯೂ ಕೈಕೊಟ್ಟಿತ್ತು. ನೇರವಾಗಿ ಗ್ರೈಂಡರಿನ ಹತ್ತಿರ ಹೋಗಿ ಆಗಷ್ಟೇ ಅಂಟಿಸಿದ್ದ ಬೆಲೆ ಓದಿದರು.

"ಅವತ್ತು ನನಗೆ ಹೇಳಿದ್ದಕ್ಕಿಂತ ಜಾಸ್ತಿ ಇದೆಯಲ್ರೀ!"

"ಹೌದಮ್ಮ. ನಿಮ್ಮ ಯಜಮಾನರಿಗೆ ಹೇಳಿದ್ದಕ್ಕಿಂತ ಕಮ್ಮಿ ಇದೆ."

ಅವರು ನಕ್ಕರು. ಆಮೇಲೆ ದನಿ ಇಳಿಸಿ, ಮಗಳಿಗೆ ಕೇಳಿಸದ ಹಾಗೆ ನನ್ನ ಹತ್ತಿರ ಬಂದು, "ನಿಮ್ಮ ಅಂಗಡಿ, ನಿಮ್ಮ ಮಾತು. ಸ್ವಲ್ಪ ನೋಡಿ ಮಾಡಿ" ಅಂದರು.

ನನ್ನ ಬಾಯಲ್ಲಿ 'ನಿಮಗೋಸ್ಕರ' ಅನ್ನುವುದು ಅರ್ಧ ಬಂದಿತ್ತು. ಸಂಬಂಧ ಆಗಬೇಕಾದವರು ಬೇರೆ. ಕಚ್ಚಿ ನುಂಗಿದೆ. ನೆಟ್ಟಗೆ ನಿಂತು, ಬೀದಿಗೆಲ್ಲಾ ಕೇಳಿಸುವ ಹಾಗೆ ಹೇಳಿದೆ. "ನನ್ನ ಅಂಗಡಿ ಅಲ್ಲಮ್ಮ ಇದು. ನನ್ನ ಮಗಳದು. ಯಜಮಾನಿ ಅಲ್ಲಿ ನಿಂತಿದ್ದಾರೆ, ಏನಿದ್ದರೂ ಅವರನ್ನೇ ಕೇಳಬೇಕು."

ಮಗಳ ಕೈ ಸ್ಟೀಮರಿನ ಮೇಲೆ ಹಾಗೇ ನಿಂತಿತು. ತಿರುಗಿ ನೋಡಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ಈ ಸಲ ಯಾವ ಗಿರಾಕಿಗೋಸ್ಕರವೂ ಅಲ್ಲ. ಬೆರಳಿಗಂಟಿದ ಸ್ಟಿಕ್ಕರ್ ಚೂರು ಉಜ್ಜಿ ತೆಗೆದು, ಬಂದು ಕುರ್ಚಿಯಲ್ಲಿ ಕೂತಳು. ಬಿಲ್ ಪುಸ್ತಕ ಎಳೆದುಕೊಂಡಳು.

"ಒಂದೇ ರೇಟ್ ಆಂಟಿ. ಸಂಜೆಯೊಳಗೆ ಮನೆಗೆ ತಂದು ಕೂರಿಸಿಕೊಡ್ತೀವಿ. ಕೆಟ್ಟರೆ ಅದೇ ದಿನ ಜನ ಬರ್ತಾರೆ, ನಾನೇ ಕಳಿಸ್ತೀನಿ."

"ನೀನೇ ಕಳಿಸ್ತೀಯ ತಾನೇ?"

"ನಾನೇ. ಮದುವೆ ಆದ್ಮೇಲೂ ನಾನೇ. ಯಾರ ಜೊತೆ ಆದ್ರೂ ಸರಿ."

ಹುಡುಗನ ತಾಯಿ ಅವಳನ್ನೇ ನೋಡಿದರು. "ಸರಿ ಬರಿ ಹಾಗಾದ್ರೆ" ಅಂತ ಬ್ಯಾಗಿಗೆ ಕೈ ಹಾಕಿದರು. "ಭಾನುವಾರ ಮತ್ತೆ ಬರ್ತೀವಿ ಅಂತ ಅಮ್ಮನಿಗೆ ಹೇಳು. ಕಾರಲ್ಲೇ ಬರ್ತೀವಿ, ಒಟ್ಟಿಗೇ ಬರ್ತೀವಿ."

ಬಿಲ್ ಹರಿದು ಕೊಟ್ಟು, ಹುಡುಗನ ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಮಗಳು ಫೋನು ತೆಗೆದು ಆಡಿಟರ್ ಆಫೀಸಿಗೆ ಮಾಡಿದಳು. "ಸಾರ್, ಕ್ಷಮಿಸಿ, ನಾಳೆಯಿಂದ ನಾನು ಬರ್ತಿಲ್ಲ. ನನ್ನದೇ ಅಂಗಡಿ ಇದೆ" ಅಂದಳು. ನಾನು ಸ್ಟಿಕ್ಕರ್ ಸುರುಳಿ ಹಿಡಿದು, ಏನು ಮಾಡಬೇಕೋ ತೋಚದೆ ನಿಂತಿದ್ದೆ.

ಫೋನಿಟ್ಟು ನನ್ನ ಕಡೆ ನೋಡಿದಳು. "ಅಪ್ಪ, ಕಾಫಿ ಹೇಳಿ."

"ಬಿಲ್ ಆಯ್ತಲ್ಲಾ, ಇನ್ಯಾಕೆ ಕಾಫಿ?" ಅಂದೆ. ನಿಜವಾಗಿಯೂ ನನಗೆ ಅರ್ಥವಾಗಿರಲಿಲ್ಲ.

"ಬಿಲ್ ಆಯ್ತು, ಅದಕ್ಕೇ."

ಬಾಗಿಲಿಗೆ ಹೋಗಿ ಪಕ್ಕದ ಹೋಟೆಲಿನ ಕಡೆ ತಿರುಗಿ, ಯಜಮಾನಿಗೊಂದು, ಗಿರಾಕಿಗೊಂದು ಅಂತ ಎರಡು ಬೆರಳೆತ್ತಿ ತೋರಿಸಿದೆ.

"ಮೂರು ಹೇಳಿ ಅಪ್ಪ" ಅಂದಳು ಒಳಗಿನಿಂದ.